45ಕ್ಕೆ ನೌಕರಿ ಬಿಟ್ಟರೆ 60ರವರೆಗೆ ಮನೆ ತೂಗಿಸುವುದು ಹೇಗೆ? ದಾವಣಗೆರೆಯ ಒಂದು ಕುಟುಂಬದ ಲೆಕ್ಕ

ವಿದ್ಯಾನಗರ ನಿವಾಸಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನನಗೆ ಈಗ 41 ವರ್ಷ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಕೆಲಸವನ್ನು ದಾವಣಗೆರೆಯ ಮನೆಯಿಂದಲೇ ಮಾಡುತ್ತಿದ್ದೇನೆ. ಯಜಮಾನರಿಗೆ ಹದಡಿ ರಸ್ತೆಯಲ್ಲಿ ಸಣ್ಣ ಸ್ಟೇಷನರಿ ಅಂಗಡಿಯಿದೆ. ಬಾಡಿಗೆ ಮತ್ತು ಸಾಲದ ಕಂತು ಕಳೆದರೆ ಅದರಲ್ಲಿ ಉಳಿಯುವುದು ಅಷ್ಟಕ್ಕಷ್ಟೆ, ಆದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಮಗಳು ಎಂಟನೇ ತರಗತಿಯಲ್ಲಿದ್ದಾಳೆ. ಅತ್ತೆಯವರು ನಮ್ಮ ಜೊತೆಗಿದ್ದಾರೆ. 2030ರಲ್ಲಿ, 45 ತುಂಬುವ ಹೊತ್ತಿಗೆ, ನೌಕರಿ ಬಿಡಬೇಕೆಂದಿದ್ದೇನೆ.

ಮನೆ ಸ್ವಂತದ್ದು. ತಿಂಗಳ ಖರ್ಚು ಸರಾಸರಿ 50 ಸಾವಿರ, ಅಂದರೆ ವರ್ಷಕ್ಕೆ 6 ಲಕ್ಷ. ವಾರ್ಷಿಕ ಖರ್ಚಿನ 25 ಪಟ್ಟು ಹಣ ಕೂಡಿದರೆ ಮುಂದೆ ದುಡಿಯದೆ ಬದುಕಬಹುದೆಂಬ ಸೂತ್ರವನ್ನು ಹಲವೆಡೆ ಓದಿದ್ದೇನೆ. ಆ ಪ್ರಕಾರ ನನಗೆ ಬೇಕಿರುವುದು ಒಂದೂವರೆ ಕೋಟಿ. ನೌಕರರ ಭವಿಷ್ಯ ನಿಧಿಯಲ್ಲಿ 32 ಲಕ್ಷ, ಮ್ಯೂಚುವಲ್ ಫಂಡ್‌ಗಳಲ್ಲಿ 48 ಲಕ್ಷ, ಪಿಪಿಎಫ್‌ನಲ್ಲಿ (ಸಾರ್ವಜನಿಕ ಭವಿಷ್ಯ ನಿಧಿ) 14 ಲಕ್ಷ, ಇಲ್ಲಿಯ ಪತ್ತಿನ ಸಹಕಾರ ಸಂಘವೊಂದರಲ್ಲಿ 12 ಲಕ್ಷ ಠೇವಣಿ ಇವೆ. ಶಾಮನೂರು ಕಡೆಯ ಸೈಟಿಗೆ ಈಗ 45 ಲಕ್ಷ ಬೆಲೆ ಹೇಳುತ್ತಾರೆ. ಒಟ್ಟು 1 ಕೋಟಿ 51 ಲಕ್ಷ. ಇವುಗಳ ಜೊತೆಗೆ ಚನ್ನಗಿರಿ ತಾಲ್ಲೂಕಿನಲ್ಲಿ ಯಜಮಾನರ ಪಾಲಿಗೆ ಬಂದ ಎರಡೂವರೆ ಎಕರೆ ಅಡಿಕೆ ತೋಟವಿದೆ, ಮಗಳ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆಯಿದೆ. ಸೂತ್ರವನ್ನು ನಂಬುವುದಾದರೆ ಗುರಿ ಇಂದೇ ಮುಟ್ಟಿದಂತಾಯಿತು, ಉಳಿದ ನಾಲ್ಕು ವರ್ಷದ ದುಡಿಮೆ ಕೇವಲ ಎಚ್ಚರಿಕೆಗಾಗಿ. ಈ ಲೆಕ್ಕ ನಿಲ್ಲುತ್ತದೆಯೇ ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಹರಿಹರದ ನಿವೃತ್ತ ಬ್ಯಾಂಕ್ ಅಧಿಕಾರಿ

ಮೇಡಂ, ಆಸ್ತಿಯ ಪಟ್ಟಿಯನ್ನು ಇಷ್ಟು ಸ್ಪಷ್ಟವಾಗಿ ಬರೆದಿರುವುದರಿಂದ ಉತ್ತರವನ್ನೂ ಸ್ಪಷ್ಟವಾಗಿಯೇ ಕೊಡಬಹುದು. 25 ಪಟ್ಟಿನ ಸೂತ್ರ ಹುಟ್ಟಿದ್ದು ಅಮೆರಿಕದಲ್ಲಿ. ವಿಲಿಯಂ ಬೆಂಗೆನ್ ಎಂಬ ಹಣಕಾಸು ಸಲಹೆಗಾರರು ಆ ದೇಶದ ಷೇರು ಮತ್ತು ಸಾಲಪತ್ರಗಳ ಹಳೆಯ ದಾಖಲೆಗಳನ್ನು ಮುಂದಿಟ್ಟುಕೊಂಡು, ಮೊದಲ ವರ್ಷ ಗಂಟಿನ ಶೇ. 4ರಷ್ಟನ್ನು, ಅಂದರೆ 25ರಲ್ಲಿ ಒಂದು ಪಾಲನ್ನು, ತೆಗೆದು, ಮುಂದೆ ಬೆಲೆಯೇರಿಕೆಗೆ ತಕ್ಕಂತೆ ಆ ಮೊತ್ತವನ್ನು ಹೆಚ್ಚಿಸುತ್ತ ಹೋದರೂ 30 ವರ್ಷ ಹಣ ಬರಿದಾಗುವುದಿಲ್ಲವೆಂದು 1994ರಲ್ಲಿ ತೋರಿಸಿದರು. 1998ರಲ್ಲಿ ಟೆಕ್ಸಾಸ್‌ನ ಟ್ರಿನಿಟಿ ವಿಶ್ವವಿದ್ಯಾಲಯದ ಮೂವರು ಪ್ರಾಧ್ಯಾಪಕರ ಅಧ್ಯಯನ ಇದೇ ಜಾಡಿನಲ್ಲಿ ಬಂದಿತು. ಅಲ್ಲಿ 60 ದಾಟಿ ನಿವೃತ್ತರಾಗುವವರಿಗೆ 30 ವರ್ಷ ಸಾಕು. ತಾವು 45ಕ್ಕೆ ಬಿಟ್ಟರೆ 40 ವರ್ಷಕ್ಕೂ ಮಿಕ್ಕಿ ಹಣ ಬಾಳಬೇಕು, ಅದೂ ಭಾರತದ ಬೆಲೆಯೇರಿಕೆಯಲ್ಲಿ.

ರಿಸರ್ವ್ ಬ್ಯಾಂಕಿಗೆ 2016ರಿಂದ ಇರುವ ಬೆಲೆಯೇರಿಕೆಯ ಗುರಿ ಶೇ. 4, ಅದಕ್ಕಿಂತ ಎರಡು ಅಂಶ ಮೇಲೆ ಅಥವಾ ಕೆಳಗೆ ಹೋಗಲು ಅವಕಾಶವಿದೆ. ಮನೆಯ ಲೆಕ್ಕಕ್ಕೆ ನಾನು ಶೇ. 6 ಹಿಡಿಯುತ್ತೇನೆ, ಏಕೆಂದರೆ ಶಾಲೆಯ ಶುಲ್ಕವೂ ಆಸ್ಪತ್ರೆಯ ಬಿಲ್ಲೂ ಸರಾಸರಿಯ ಮಾತು ಕೇಳುವುದಿಲ್ಲ. ಶೇ. 6ರಲ್ಲಿ ಖರ್ಚು 12 ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಇಂದಿನ 50 ಸಾವಿರದ ಸಂಸಾರಕ್ಕೆ ತಮ್ಮ 53ರ ವಯಸ್ಸಿನಲ್ಲಿ ಒಂದು ಲಕ್ಷ, 65ರಲ್ಲಿ ಎರಡು ಲಕ್ಷ ಬೇಕು. ಕೆಲಸ ಬಿಡುವ 2030ರಲ್ಲಿಯೇ ವರ್ಷದ ಖರ್ಚು 7 ಲಕ್ಷ 57 ಸಾವಿರವಾಗಿರುತ್ತದೆ. ಅದರ 25 ಪಟ್ಟು 1 ಕೋಟಿ 89 ಲಕ್ಷ. ಇಷ್ಟು ದೀರ್ಘ ಅವಧಿಗೆ 33 ಪಟ್ಟಾದರೂ ಇರಬೇಕೆಂಬುದು ನನ್ನ ಅಭಿಪ್ರಾಯ. ಆಗ ಅದು ಎರಡೂವರೆ ಕೋಟಿ.

ಇನ್ನೊಂದು ಮಾತು. ನಮ್ಮೂರುಗಳಲ್ಲಿ ನಿವೃತ್ತ ಜೀವನವೆಂದರೆ ಕಣ್ಣ ಮುಂದೆ ಬರುವುದು ಬೆಳಿಗ್ಗೆ ಕುಂದವಾಡ ಕೆರೆಯ ಏರಿಯ ಮೇಲೆ ನಡೆದಾಡುವ ಹಳೆಯ ಮೇಷ್ಟರುಗಳು, ಉಪನ್ಯಾಸಕರು, ನನ್ನಂಥ ಬ್ಯಾಂಕಿನವರು. ನಮ್ಮ ನೆಮ್ಮದಿಗೆ ಕಾರಣ ಗಂಟಿನ ಗಾತ್ರವಲ್ಲ, ಪಿಂಚಣಿಗೆ ತುಟ್ಟಿಭತ್ಯೆ ಸೇರುತ್ತ ಹೋಗುವುದು. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದ ರಾಜ್ಯ ಸರ್ಕಾರಿ ನೌಕರರಿಗೇ ಆ ಹಳೆಯ ಪಿಂಚಣಿ ವ್ಯವಸ್ಥೆ ಅನ್ವಯಿಸಲಿಲ್ಲ, ಅವರನ್ನು ಕಂತು ಕಟ್ಟಿ ಗಂಟು ಕೂಡಿಸುವ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ (ಎನ್‌ಪಿಎಸ್) ಸೇರಿಸಲಾಯಿತು. ಖಾಸಗಿ ಕಂಪನಿಯವರಿಗೆ ಅದು ಎಂದೂ ಇರಲಿಲ್ಲ. ಆದ್ದರಿಂದ ನಮ್ಮನ್ನು ನೋಡಿ ತಾವು ಅಂದಾಜು ಕಟ್ಟಬಾರದು.

ನಿಟುವಳ್ಳಿ ಓದುಗ

ಎರಡೇ ಪ್ರಶ್ನೆಗಳು. ಸೈಟಿನಿಂದ ತಿಂಗಳಿಗೆ ಎಷ್ಟು ಬರುತ್ತದೆ? ಮಗಳ ಪದವಿಯ ಖರ್ಚು ಆ 50 ಸಾವಿರದಲ್ಲಿ ಸೇರಿದೆಯೇ?

ವಿದ್ಯಾನಗರ ನಿವಾಸಿ

ಸೈಟಿನಿಂದ ಏನೂ ಬರುವುದಿಲ್ಲ. ವರ್ಷಕ್ಕೊಮ್ಮೆ ಕಂದಾಯ ಕಟ್ಟಿ, ಮುಳ್ಳು ಕಡಿಸುವ ಖರ್ಚು ನಮ್ಮದೇ. ಅದು ಮೊಮ್ಮಗಳ ಮದುವೆಗೆಂದು ಅತ್ತೆಯವರು ಹೇಳುತ್ತಾರೆ, ಮಾರುವ ಮಾತೆತ್ತಿದರೆ ಮನೆಯಲ್ಲಿ ಎರಡು ದಿನ ಮೌನ. ಮಗಳ ಪದವಿಯ ಖರ್ಚು 50 ಸಾವಿರದಲ್ಲಿ ಸೇರಿಲ್ಲ. ಸುಕನ್ಯಾ ಖಾತೆಯಿಂದ, ಅವಳು ಹತ್ತನೇ ತರಗತಿ ಮುಗಿಸಿದ ಮೇಲೆ, ಅರ್ಧದಷ್ಟನ್ನು ಓದಿಗಾಗಿ ತೆಗೆಯಬಹುದೆಂದು ಅಂಚೆ ಕಚೇರಿಯಲ್ಲಿ ತಿಳಿಸಿದ್ದಾರೆ. ಇಂಜಿನಿಯರಿಂಗ್ ಆದರೆ ಅದು ಬಹುತೇಕ ಸಾಕು, ವೈದ್ಯಕೀಯವಾದರೆ ಸಾಲದು.

ಪಿ.ಜೆ. ಬಡಾವಣೆಯ ತೆರಿಗೆ ಸಲಹೆಗಾರ

ಹರಿಹರದ ಹಿರಿಯರು ಗಂಟು ಎಷ್ಟಿರಬೇಕೆಂದು ಹೇಳಿದ್ದಾರೆ. ನನ್ನ ಆತಂಕ ಬೇರೆ. ಮೇಡಂ, ನಮ್ಮ ದೇಶದ ನಿವೃತ್ತಿ ಯೋಜನೆಗಳನ್ನು ಬಹುತೇಕ 58 ಅಥವಾ 60ಕ್ಕೆ ನಿವೃತ್ತರಾಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಲಾಗಿದೆ. 45ಕ್ಕೆ ಬಿಡುವವರಿಗೆ ನಡುವಿನ 15 ವರ್ಷಗಳಲ್ಲಿ ಸರ್ಕಾರದಿಂದಾಗಲಿ ಕಂಪನಿಯಿಂದಾಗಲಿ ತಾನಾಗಿ ಬರುವ ಆದಾಯವೆಂಬುದು ಇಲ್ಲ. ಇಲ್ಲಿಗೆ ಬರುವ ನನ್ನ ಕಕ್ಷಿದಾರರಲ್ಲಿ ಹೆಚ್ಚಿನವರು 60ರ ನಂತರದ ಚಿಂತೆ ಮಾಡುತ್ತಾರೆ. ಬೇಗ ಬಿಡುವವರು ಚಿಂತಿಸಬೇಕಾದದ್ದು 60ಕ್ಕೆ ಮುಂಚಿನದನ್ನು.

ಒಂದೊಂದಾಗಿ ನೋಡೋಣ. ಭವಿಷ್ಯ ನಿಧಿಯ ಜೊತೆಗಿರುವ ನೌಕರರ ಪಿಂಚಣಿ ಯೋಜನೆಯಿಂದ ಪೂರ್ಣ ಪಿಂಚಣಿ ಸಿಗುವುದು 58ಕ್ಕೆ. 50ರಿಂದಲೇ ಕೇಳಬಹುದು, ಆದರೆ ಮುಂಚಿನ ಪ್ರತಿ ವರ್ಷಕ್ಕೂ ಶೇ. 4ರಂತೆ ಕಡಿತವಾಗುತ್ತದೆ. ಅದರ ಮೊತ್ತವನ್ನೂ ತಿಳಿದುಕೊಳ್ಳಿ: ಪಿಂಚಣಿಗೆ ಹಿಡಿಯುವ ವೇತನದ ಮಿತಿ 15 ಸಾವಿರ, ಅದನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ತಾವು 27ಕ್ಕೆ ಕೆಲಸಕ್ಕೆ ಸೇರಿ 45ಕ್ಕೆ ಬಿಟ್ಟಿರೆಂದು ಇಟ್ಟುಕೊಂಡರೆ 18 ವರ್ಷಕ್ಕೆ ಹೆಚ್ಚೆಂದರೆ ತಿಂಗಳಿಗೆ 3,857 ರೂಪಾಯಿ. 2014ರ ಸೆಪ್ಟೆಂಬರಿಗೆ ಮುಂಚಿನ ಸೇವೆಗೆ 6,500ರ ಹಳೆಯ ಮಿತಿ ಅನ್ವಯಿಸುವುದರಿಂದ ನಿಜವಾಗಿ ಕೈಗೆ ಬರುವುದು ಅದಕ್ಕೂ ಕಡಿಮೆ. ಸಂಬಳ ಲಕ್ಷಗಳಲ್ಲಿದ್ದವರೂ ಈ ಅಂಕಿಯನ್ನು ಕೇಳಿ ಮತ್ತೊಮ್ಮೆ ಹೇಳಿಸಿಕೊಳ್ಳುತ್ತಾರೆ.

ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಶೇ. 8.2 ಬಡ್ಡಿ, 30 ಲಕ್ಷದ ಮಿತಿ ಎಲ್ಲವೂ ಆಕರ್ಷಕ, ಆದರೆ ಅದರ ಬಾಗಿಲು ತೆರೆಯುವುದು 60ಕ್ಕೆ. ಸ್ವಯಂ ನಿವೃತ್ತಿ ಪಡೆದವರಿಗೂ 55ಕ್ಕೆ ಮುಂಚೆ ಪ್ರವೇಶವಿಲ್ಲ. ಎನ್‌ಪಿಎಸ್‌ನಿಂದ ಅವಧಿಗೆ ಮುಂಚೆ ಹೊರಬಂದರೆ ಬಹುಪಾಲನ್ನು ವರ್ಷಾಶನ (ಪಿಂಚಣಿಯಂತೆ ನಿಯತವಾಗಿ ಹಣ ಕೊಡುವ ವಿಮಾ ಯೋಜನೆ) ಕೊಳ್ಳಲು ವಿನಿಯೋಗಿಸಬೇಕು. ತಿಂಗಳ ಆದಾಯ ಕೊಡುವ ಸರ್ಕಾರಿ ಯೋಜನೆಗಳಲ್ಲಿ ವಯಸ್ಸು ಕೇಳದಿರುವುದು ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆ ಒಂದೇ ಎನ್ನಬಹುದು: ದಂಪತಿ ಜಂಟಿಯಾಗಿ 15 ಲಕ್ಷ ಇಟ್ಟರೆ ಶೇ. 7.4ರಲ್ಲಿ ತಿಂಗಳಿಗೆ 9,250 ರೂಪಾಯಿ. ಐದು ವರ್ಷ ಅದು ಅಷ್ಟೇ ಇರುತ್ತದೆ, ತರಕಾರಿಯ ಬೆಲೆ ಅಷ್ಟೇ ಇರುವುದಿಲ್ಲ.

ಹಾಗಾದರೆ 45ರಿಂದ 60ರವರೆಗೆ ದಾಟಿಸಲು ತಮ್ಮ ಕೈಯಲ್ಲಿರುವ ನಿಜವಾದ ಸೇತುವೆ ಯಾವುದು? ನನ್ನ ಮಟ್ಟಿಗೆ ಅದು ಪಟ್ಟಿಯಲ್ಲಿ ತಾವು ಸಣ್ಣದಾಗಿ ಬರೆದಿರುವ ಪಿಪಿಎಫ್. 2020ರ ಏಪ್ರಿಲ್‌ನಿಂದ ಅದರ ಬಡ್ಡಿ ಶೇ. 7.1ರಲ್ಲಿಯೇ ನಿಂತಿದೆ. ಇಂದಿನ 14 ಲಕ್ಷಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷ ಕಟ್ಟಿದರೆ 2030ಕ್ಕೆ ಸುಮಾರು ಇಪ್ಪತ್ತೈದೂವರೆ ಲಕ್ಷವಾಗುತ್ತದೆ. ಹಿರಿಯರು ಹೇಳಿದ 7 ಲಕ್ಷ 57 ಸಾವಿರದ ಲೆಕ್ಕದಲ್ಲಿ ಅದು ಮೂರು ವರ್ಷದ ಸಂಸಾರದ ಖರ್ಚು, ಪೂರ್ತಿ ತೆರಿಗೆರಹಿತ.

ಆ ಮೂರು ವರ್ಷಕ್ಕೆ ಏಕಿಷ್ಟು ಮಹತ್ವವೆಂದರೆ, ದುಡಿಮೆ ನಿಲ್ಲಿಸಿದ ಆರಂಭದಲ್ಲಿಯೇ ಷೇರುಪೇಟೆ ಬಿದ್ದರೆ, ಕುಸಿದ ಬೆಲೆಗೆ ಫಂಡ್ ಮಾರಿ ಅಕ್ಕಿಬೇಳೆ ತರಬೇಕಾಗುತ್ತದೆ. ಹಾಗೆ ಕರಗಿದ ಗಂಟು ಪೇಟೆ ಚೇತರಿಸಿಕೊಂಡ ಮೇಲೂ ಮೊದಲಿನ ಗಾತ್ರಕ್ಕೆ ಬರುವುದಿಲ್ಲ. 2008ರ ಜನವರಿಯಲ್ಲಿ 21 ಸಾವಿರ ದಾಟಿದ್ದ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 2009ರ ಮಾರ್ಚ್ ವೇಳೆಗೆ 8,500ಕ್ಕಿಂತ ಕೆಳಗಿತ್ತು. ಆಗ ಕೆಲಸದಲ್ಲಿದ್ದವರು ಕಂತು ಕಟ್ಟುತ್ತಲೇ ಹೋಗಿ ಲಾಭ ಮಾಡಿಕೊಂಡರು. ಅದೇ ವರ್ಷ ಕೆಲಸ ಬಿಟ್ಟವರ ಕಥೆ ಹಾಗಿರಲಾರದು.

ಭವಿಷ್ಯ ನಿಧಿಯ 32 ಲಕ್ಷ ಈಚಿನ ಶೇ. 8.25ರ ದರದಲ್ಲಿ, ಹೊಸ ಕಂತುಗಳನ್ನು ಬಿಟ್ಟು, 2030ಕ್ಕೆ ಸುಮಾರು 44 ಲಕ್ಷವಾಗುತ್ತದೆ. ಕೆಲಸ ಬಿಟ್ಟ ಮೇಲೂ ಅಲ್ಲಿಯೇ ಬಿಡಬಹುದು, ಆದರೆ ಆ ನಂತರ ಸೇರುವ ಬಡ್ಡಿಗೆ ತೆರಿಗೆಯಿದೆ. ಫಂಡ್‌ಗಳ ಲಾಭ ವರ್ಷಕ್ಕೆ 1 ಲಕ್ಷ 25 ಸಾವಿರ ದಾಟಿದರೆ, ಒಂದು ವರ್ಷ ಮೀರಿ ಇಟ್ಟ ಈಕ್ವಿಟಿ (ಷೇರು) ಫಂಡ್‌ಗಳಿಗೆ ಶೇ. 12.5 ತೆರಿಗೆ. ಸೈಟನ್ನು 2024ರ ಜುಲೈ 23ಕ್ಕೆ ಮುಂಚೆ ಕೊಂಡಿದ್ದರೆ, ಹಣದುಬ್ಬರದ ಹೊಂದಾಣಿಕೆಯೊಂದಿಗೆ ಶೇ. 20 ಅಥವಾ ಅದಿಲ್ಲದೆ ಶೇ. 12.5, ಯಾವುದು ಕಡಿಮೆಯೋ ಅದು. ಮಾರಿ ಎಂದು ನಾನು ಹೇಳುವುದಿಲ್ಲ, ಅತ್ತೆಯವರ ಮಾತಿಗೂ ತೂಕವಿದೆ. ಆದರೆ ಮದುವೆಗೆಂದು ಇಟ್ಟದ್ದನ್ನು ನಿವೃತ್ತಿಯ ಒಂದೂವರೆ ಕೋಟಿಯಲ್ಲಿಯೂ ಸೇರಿಸಿದರೆ ಒಂದೇ ಸೈಟನ್ನು ಎರಡು ಬಾರಿ ಎಣಿಸಿದಂತಾಗುತ್ತದೆ.

ಚನ್ನಗಿರಿ ತೋಟದವರು

ಅಕ್ಕನವರೆ, ತೋಟವನ್ನು ಲೆಕ್ಕಕ್ಕೆ ಸೇರಿಸದೆ ಬಿಟ್ಟಿದ್ದೀರಿ, ಅದು ಒಳ್ಳೆಯದೇ ಆಯಿತು. ಇಲ್ಲಿ ಸಂಬಳದ ನೌಕರಿ ಬಿಟ್ಟು ತೋಟ ನಂಬಿ ಬಂದವರಲ್ಲಿ ಎರಡು ಬಗೆಯವರನ್ನು ಕಂಡಿದ್ದೇನೆ. ಬೆಲೆ ಏರಿದ ವರ್ಷ ಬಂದವರು ಅದನ್ನೇ ಪಿಂಚಣಿಯೆಂದು ತಿಳಿಯುತ್ತಾರೆ. ಬರಗಾಲದ ವರ್ಷ ಬಂದವರು ಒಂದೇ ಬೇಸಿಗೆಗೆ ಬೆಂಗಳೂರಿನ ದಾರಿ ಹಿಡಿಯುತ್ತಾರೆ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮರುವರ್ಷದ ಬೇಸಿಗೆಯಲ್ಲಿ ನಮ್ಮ ತಾಲ್ಲೂಕಿನಲ್ಲಿ ತೋಟ ಉಳಿಸಿಕೊಳ್ಳಲು ಜನ ಟ್ಯಾಂಕರ್ ನೀರು ತರಿಸಿದರು. ಆ ವರ್ಷ ತೋಟ ದುಡ್ಡು ಕೊಡುವುದಿರಲಿ, ಕೇಳಿತು. ಕೊಳವೆಬಾವಿ ಬತ್ತಿದರೆ ಇನ್ನೊಂದು ಕೊರೆಸಬೇಕು, ಅದರಲ್ಲಿ ನೀರು ಬೀಳುವ ಖಾತರಿಯಿಲ್ಲ. ಮರ ಒಣಗಿದರೆ ಹೊಸ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು. ತಮ್ಮ ಹದಿನೈದು ವರ್ಷದ ಸೇತುವೆಯಲ್ಲಿ ಅದು ಮೂರನೆಯ ಒಂದು ಭಾಗ.

ಬೆಲೆಯ ವಿಷಯವೂ ನಮ್ಮ ಕೈಯಲ್ಲಿಲ್ಲ. ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕೇಂದ್ರ ಸರ್ಕಾರ 2023ರ ಫೆಬ್ರುವರಿಯಲ್ಲಿ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು, ಅದರಿಂದ ಆಸರೆಯಾಯಿತು. ನಾಳೆ ದೆಹಲಿಯಲ್ಲಿ ಬೇರೆ ತೀರ್ಮಾನವಾದರೆ ಇಲ್ಲಿ ‘ರಾಶಿ’ ಎಂಬ ಬಗೆಯ ಅಡಿಕೆಯ ಧಾರಣೆ ಬೇರೆಯಾಗುತ್ತದೆ. ಭದ್ರಾ ನಾಲೆಯ ಗದ್ದೆಗಳಲ್ಲಿಯೂ ಭತ್ತ ಬಿಟ್ಟು ಅಡಿಕೆ ಇಡುತ್ತಿದ್ದಾರೆ, ಆ ಗಿಡಗಳೆಲ್ಲ ಫಲಕ್ಕೆ ಬಂದ ಮೇಲೆ ಏನೆಂಬುದನ್ನು ಯೋಚಿಸುವವರು ಕಡಿಮೆ.

ಊರಿನಲ್ಲಿದ್ದು ನೋಡಿಕೊಳ್ಳಲಾಗದವರಿಗೆ ನನ್ನ ಸಲಹೆ ಖೇಣಿಗೆ ಕೊಡುವುದು. ಖೇಣಿದಾರರು ಮರದ ಮೇಲಿನ ಫಸಲನ್ನು ಅಂದಾಜು ಮಾಡಿ ಒಪ್ಪಂದ ಮಾಡಿಕೊಳ್ಳುತ್ತಾರೆ. ಅಡಿಕೆ ಗೊನೆ ಕೊಯ್ಯುವುದು, ಸುಲಿಯುವುದು, ಬೇಯಿಸುವುದು ಅವರ ಹೊಣೆ. ಲಾಭ ಕಡಿಮೆಯಾದರೂ ಆಳುಗಳ ತಾಪತ್ರಯ ತಪ್ಪುತ್ತದೆ. ಬಂದ ಹಣವನ್ನು ಆ ವರ್ಷವೇ ಖರ್ಚು ಮಾಡದೆ, ಮುಂದಿನ ಎರಡು ವರ್ಷಕ್ಕೆ ಹಂಚಿಕೊಳ್ಳಿ. ಕೃಷಿ ಹೊಂಡದಲ್ಲಿ ಮಳೆಗಾಲದ ನೀರನ್ನು ಬೇಸಿಗೆಗೆ ಹಿಡಿದಿಟ್ಟುಕೊಳ್ಳುವುದಿಲ್ಲವೆ, ಹಾಗೆ.

ಪಿ.ಜೆ. ಬಡಾವಣೆಯ ತೆರಿಗೆ ಸಲಹೆಗಾರ

ಪೂರಕವಾಗಿ ಒಂದು ಮಾತು: ತೋಟದ ಆದಾಯಕ್ಕೆ ಆದಾಯ ತೆರಿಗೆ ಇಲ್ಲವಾದರೂ, ಬೇರೆ ಆದಾಯ ವಿನಾಯಿತಿ ಮಿತಿಯನ್ನು ದಾಟಿದಾಗ ದರವನ್ನು ನಿಗದಿಪಡಿಸಲು ಅದನ್ನು ಕೂಡಿಸಿಕೊಳ್ಳುತ್ತಾರೆ. ತೋಟ ಯಜಮಾನರ ಪಾಲಿನದಾದ್ದರಿಂದ ಅದನ್ನು ಅವರ ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಬೇಕು.

ಸಹಕಾರ ಸಂಘದ ಸದಸ್ಯ

ಪತ್ತಿನ ಸಂಘದ 12 ಲಕ್ಷದ ಬಗ್ಗೆ ಯಾರೂ ಮಾತನಾಡಿಲ್ಲ, ಅಲ್ಲಿಗೇ ಬರುತ್ತೀರೆಂದು ಕಾಯುತ್ತಿದ್ದೆ. ಸಂಘಗಳನ್ನು ಅನುಮಾನದಿಂದ ನೋಡುವುದು ಇತ್ತೀಚೆಗೆ ರೂಢಿಯಾಗಿದೆ. ಬ್ಯಾಂಕುಗಳು ಬಾಗಿಲಲ್ಲೇ ನಿಲ್ಲಿಸಿದ ಸಣ್ಣ ವ್ಯಾಪಾರಿಗಳಿಗೆ, ಮಂಡಕ್ಕಿ ಭಟ್ಟಿಯವರಿಗೆ ಸಾಲ ಕೊಟ್ಟು ಬೆಳೆಸಿದ್ದು ಇದೇ ಸಂಘಗಳು. ನಿರ್ದೇಶಕರು ಗುರುತಿನವರು, ಮನೆ ಎಲ್ಲಿದೆಯೆಂದು ಗೊತ್ತಿರುವವರು, ಬಡ್ಡಿಯೂ ಒಂದೂವರೆ ಅಂಶ ಹೆಚ್ಚು. ಹೆದರುವ ಕಾರಣ ಕಾಣುವುದಿಲ್ಲ.

ಹರಿಹರದ ನಿವೃತ್ತ ಬ್ಯಾಂಕ್ ಅಧಿಕಾರಿ

ಸಂಘಗಳು ಮಾಡಿದ ಕೆಲಸದ ಬಗ್ಗೆ ತಾವು ಹೇಳಿದ್ದು ನಿಜ, ಅದನ್ನು ಒಪ್ಪುತ್ತೇನೆ. ಆದರೆ ಗುರುತಿನವರೆಂಬುದು ವಿಮೆಯಲ್ಲ. ವಾಣಿಜ್ಯ ಬ್ಯಾಂಕುಗಳಲ್ಲಿಯೂ ಸಹಕಾರ ಬ್ಯಾಂಕುಗಳಲ್ಲಿಯೂ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿಯೂ ಸೇರಿ 5 ಲಕ್ಷದವರೆಗೆ ಠೇವಣಿ ವಿಮೆಯಿದೆ. 2020ರ ಫೆಬ್ರುವರಿಯಲ್ಲಿ ಅದನ್ನು ಒಂದು ಲಕ್ಷದಿಂದ ಏರಿಸಿದರು. ಪತ್ತಿನ ಸಹಕಾರ ಸಂಘಗಳೂ ಸೌಹಾರ್ದ ಸಹಕಾರಿಗಳೂ ಬ್ಯಾಂಕುಗಳಲ್ಲವಾದ್ದರಿಂದ ಆ ವಿಮೆ ಅವುಗಳಿಗೆ ಇಲ್ಲ. ದುಡಿಯುತ್ತಿರುವವರು ಒಂದೂವರೆ ಅಂಶದ ಆಸೆಗೆ ಆ ಅಪಾಯವನ್ನು ತೆಗೆದುಕೊಂಡರೆ ಅದು ಅವರ ಇಷ್ಟ. 46ರ ವಯಸ್ಸಿನಲ್ಲಿ ಆದಾಯವಿಲ್ಲದಿರುವಾಗ ಒಂದೂವರೆ ವರ್ಷದ ಸಂಸಾರದ ಖರ್ಚು ಒಂದೇ ಕಡೆ ಸಿಕ್ಕಿಹಾಕಿಕೊಂಡರೆ ತಾಳಿಕೊಳ್ಳುವ ಶಕ್ತಿ ಈ ಕುಟುಂಬಕ್ಕೆ ಇರುವುದಿಲ್ಲ. ಅವಧಿ ಮುಗಿದ ಹಾಗೆ ಎರಡು ಮೂರು ಬ್ಯಾಂಕುಗಳಿಗೆ, ಐದೈದು ಲಕ್ಷ ಮೀರದಂತೆ, ಹಂಚಿಡಲಿ.

ಸಹಕಾರ ಸಂಘದ ಸದಸ್ಯ

ಸ್ವಲ್ಪವನ್ನಾದರೂ ಸಂಘದಲ್ಲಿ ಉಳಿಸಲಿ ಎಂಬುದು ನನ್ನ ಮಾತು. ಎಲ್ಲರೂ ತೆಗೆದರೆ ಸಂಘ ಉಳಿಯುವುದು ಹೇಗೆ?

ಚಿತ್ರದುರ್ಗದ ಶಿಕ್ಷಕಿ

ಮೇಡಂ, ಆರೋಗ್ಯ ವಿಮೆ ತಮ್ಮ ಪಟ್ಟಿಯಲ್ಲಿ ಕಾಣಲಿಲ್ಲ. ಬಹುಶಃ ಕಂಪನಿಯದೇ ಇರಬೇಕು. ಕೊನೆಯ ಸಂಬಳದ ಜೊತೆಗೆ ಅದೂ ಮುಗಿಯುತ್ತದೆ.

ನಮ್ಮ ದುರ್ಗದ ಕಡೆಯಿಂದ ಗಂಭೀರ ಕಾಯಿಲೆಯವರನ್ನು ಕರೆತರುವುದು ದಾವಣಗೆರೆಗೇ. ವೈದ್ಯಕೀಯ ಕಾಲೇಜುಗಳೂ ದೊಡ್ಡ ಆಸ್ಪತ್ರೆಗಳೂ ಅಲ್ಲಿವೆ. ದೂರದ ಖರ್ಚು ತಮಗಿಲ್ಲ, ಬಿಲ್ಲಿನ ಖರ್ಚು ಎಲ್ಲರಿಗೂ ಒಂದೇ. ಸ್ವಂತ ಪಾಲಿಸಿಯನ್ನು 45ರಲ್ಲಿ ಕೊಂಡರೆ, ಆ ವೇಳೆಗೆ ಬಿಪಿಯೋ ಸಕ್ಕರೆ ಕಾಯಿಲೆಯೋ ಬಂದಿದ್ದಲ್ಲಿ, ಮೊದಲೇ ಇದ್ದ ಕಾಯಿಲೆಯೆಂದು ಮೂರು ವರ್ಷದವರೆಗೆ ಕಾಯಿಸಬಹುದು. 2024ರಲ್ಲಿ ಈ ಗರಿಷ್ಠ ಅವಧಿಯನ್ನು ನಾಲ್ಕರಿಂದ ಮೂರಕ್ಕೆ ಇಳಿಸಿದ್ದಾರೆ. ಈಗಲೇ, ಸಂಬಳ ಬರುತ್ತಿರುವಾಗಲೇ, ಕುಟುಂಬಕ್ಕೊಂದು ಪಾಲಿಸಿ ಮಾಡಿಸಿದರೆ 2030ರ ಹೊತ್ತಿಗೆ ಕಾಯುವ ಅವಧಿ ಮುಗಿದಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿಗೆ ಜಿಎಸ್‌ಟಿಯೂ ಇಲ್ಲ. ಅತ್ತೆಯವರಿಗೆ ಬೇರೆಯದೇ ಪಾಲಿಸಿ ಇರಲಿ, ಇಲ್ಲವಾದರೆ ಅವರ ವಯಸ್ಸಿನಿಂದ ಎಲ್ಲರ ಕಂತೂ ಏರುತ್ತದೆ. ಈ ಕಂತನ್ನು 50 ಸಾವಿರದ ಖರ್ಚಿಗೆ ಸೇರಿಸಿಕೊಂಡೇ ಮುಂದಿನ ಗುಣಾಕಾರ ಮಾಡಿ.

ಗಿರಣಿ ಕಾರ್ಮಿಕನ ಮಗ

ಈ ಊರಿಗೆ ಹತ್ತಿ ಗಿರಣಿಗಳಿಂದ ಮ್ಯಾಂಚೆಸ್ಟರ್ ಎಂಬ ಹೆಸರಿದ್ದ ಕಾಲದಲ್ಲಿ ನಮ್ಮ ತಂದೆ ಒಂದು ಗಿರಣಿಯಲ್ಲಿದ್ದರು. ಅದು ಮುಚ್ಚಿದಾಗ ಅವರಿಗೆ 46. ಅವರಿಗೂ 60ರವರೆಗೆ ಇದೇ ಅಂತರವಿತ್ತು, ಯೋಜನೆ ಮಾತ್ರ ಇರಲಿಲ್ಲ. ಭವಿಷ್ಯ ನಿಧಿಯ ಹಣ ಅಕ್ಕಂದಿರ ಮದುವೆಗೆ ಹೋಯಿತು. ಮನೆ ನಡೆದದ್ದು ಅವರು ಸಂಜೆ ಹೊತ್ತು ಅಂಗಡಿಗಳ ಲೆಕ್ಕ ಬರೆದುಕೊಟ್ಟ ಸಣ್ಣ ಸಂಪಾದನೆಯಿಂದ. ಅದರಲ್ಲಿ ಒಂದು ಪೈಸೆ ಉಳಿಯಲಿಲ್ಲ, ಆದರೆ ಮನೆಯನ್ನು ಮಾರಬೇಕಾದ ಪ್ರಮೇಯ ಬರಲಿಲ್ಲ.

ಅದನ್ನು ಕಂಡು ಬೆಳೆದವನಾದ್ದರಿಂದ ನನಗೆ ಇಲ್ಲಿಯ ಚರ್ಚೆ ಎರಡು ತುದಿಗಳಲ್ಲಿಯೇ ನಿಂತಿದೆ ಅನಿಸುತ್ತದೆ: ಪೂರ್ಣ ನೌಕರಿ, ಇಲ್ಲವೆ ಪೂರ್ಣ ವಿಶ್ರಾಂತಿ. ಮೇಡಂ ಅವರು 2030ರ ನಂತರ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸವನ್ನೋ, ಕಂಪನಿಗಳಿಗೆ ಬಿಡಿ ಕೆಲಸವನ್ನೋ ಮಾಡಿ ತಿಂಗಳಿಗೆ 30 ಸಾವಿರ ಗಳಿಸಿದರೆ ಏನಾಗುತ್ತದೆ ನೋಡಿ. ವರ್ಷದ 7 ಲಕ್ಷ 57 ಸಾವಿರದಲ್ಲಿ 3 ಲಕ್ಷ 60 ಸಾವಿರ ದುಡಿಮೆಯಿಂದ ಬಂದಿತು, ಗಂಟಿನಿಂದ ತೆಗೆಯಬೇಕಾದದ್ದು 4 ಲಕ್ಷ ಮಾತ್ರ. ಭವಿಷ್ಯ ನಿಧಿ 44, ಪಿಪಿಎಫ್ 25, ಸಂಘದ ಠೇವಣಿ ಬಡ್ಡಿ ಸೇರಿ 15, ಫಂಡ್‌ಗಳು ಶೇ. 10ರಂತೆ ಬೆಳೆದರೆ 70. ಒಟ್ಟು 1 ಕೋಟಿ 54 ಲಕ್ಷ. ಅದರಲ್ಲಿ 4 ಲಕ್ಷವೆಂದರೆ ಶೇ. 2.6, ಸೂತ್ರದ ಶೇ. 4ಕ್ಕಿಂತ ಕಡಿಮೆ. ಸೈಟನ್ನು ಮುಟ್ಟಲಿಲ್ಲ, ತೋಟವನ್ನು ನೆಚ್ಚಲಿಲ್ಲ, ಫಂಡ್‌ಗಳಿಗೆ ಈ ನಾಲ್ಕು ವರ್ಷ ಕಟ್ಟುವ ಹೊಸ ಕಂತುಗಳನ್ನೂ ಎಣಿಸಲಿಲ್ಲ.

ಹರಿಹರದ ನಿವೃತ್ತ ಬ್ಯಾಂಕ್ ಅಧಿಕಾರಿ

ಗಿರಣಿಯವರ ಮಗ ಹೇಳಿದ ದಾರಿಗೆ ನನ್ನ ಸಮ್ಮತಿಯಿದೆ. ಫಂಡ್‌ಗಳಿಗೆ ಶೇ. 10 ಹಿಡಿದದ್ದು ಮಾತ್ರ ಆಶಾವಾದ. ನಾಲ್ಕು ವರ್ಷ ಅವು ಒಂದು ರೂಪಾಯಿಯೂ ಬೆಳೆಯದೆ 48 ಲಕ್ಷದಲ್ಲಿಯೇ ನಿಂತರೂ ಒಟ್ಟು 1 ಕೋಟಿ 32 ಲಕ್ಷ, ತೆಗೆಯುವುದು ಶೇ. 3. ಆ ಸ್ಥಿತಿಯಲ್ಲಿಯೂ ಲೆಕ್ಕ ನಿಲ್ಲುತ್ತದೆ. ಆದರೆ ಬಿಡಿ ಕೆಲಸದ ಸಂಪಾದನೆಯೂ ಬೆಲೆಯ ಜೊತೆಗೆ ಏರುತ್ತ ಹೋಗಬೇಕು, 55ರವರೆಗಾದರೂ ನಡೆಯಬೇಕು.

ವಿದ್ಯಾನಗರ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಮನೆಯಲ್ಲಿ ಕುಳಿತು ಹೊಸದಾಗಿ ಲೆಕ್ಕ ಹಾಕಿದೆವು. ಸೈಟನ್ನು ಪಟ್ಟಿಯಿಂದ ತೆಗೆದಿದ್ದೇವೆ. ಅತ್ತೆಯವರಿಗೆ ಅದನ್ನು ಹೇಳಿದಾಗ ಅವರಿಗೆ ಸಂತೋಷವಾಯಿತು. ಸಂಘದ ಠೇವಣಿಯಲ್ಲಿ 2 ಲಕ್ಷ ಉಳಿಸಿ, ಉಳಿದದ್ದನ್ನು ಅವಧಿ ಮುಗಿದಂತೆ ಎರಡು ಬ್ಯಾಂಕುಗಳಿಗೆ ವರ್ಗಾಯಿಸುತ್ತೇವೆ. ತೋಟವನ್ನು ಈ ವರ್ಷದಿಂದ ಖೇಣಿಗೆ ಕೊಡುವ ಬಗ್ಗೆ ಯಜಮಾನರು ಅಣ್ಣತಮ್ಮಂದಿರ ಜೊತೆ ಮಾತನಾಡುತ್ತಾರೆ. ಆರೋಗ್ಯ ವಿಮೆಯ ಕಂತು ಸೇರಿಸಿದರೆ ತಿಂಗಳ ಖರ್ಚು 54 ಸಾವಿರಕ್ಕೆ ಬರುತ್ತದೆ. 2030ಕ್ಕೆ ಈ ನೌಕರಿ ಬಿಡುವುದು ನಿಶ್ಚಯ, ದುಡಿಮೆ ಬಿಡುವುದು 55ಕ್ಕೆ. ತಿಂಗಳಿಗೆ 30 ಸಾವಿರದ ಬಿಡಿ ಕೆಲಸ ನಿಜಕ್ಕೂ ಸಿಗುತ್ತದೆಯೇ ಎಂಬುದನ್ನು ನೌಕರಿಯಲ್ಲಿರುವಾಗ ಪ್ರಯೋಗಿಸಲು ಕಂಪನಿಯ ಕರಾರು ಬಿಡುವುದಿಲ್ಲ, ಆ ಒಂದು ಅನುಮಾನ ಉಳಿದಿದೆ.

ಪಿಪಿಎಫ್ ಬಗ್ಗೆ ಒಂದು ಪ್ರಶ್ನೆ. ಖಾತೆಯನ್ನು 2014ರ ಆಗಸ್ಟ್‌ನಲ್ಲಿ ತೆರೆದದ್ದು. 15 ವರ್ಷವೆಂದರೆ 2029ರ ಆಗಸ್ಟ್‌ಗೆ ಮುಗಿಯುತ್ತದೆಯೇ? ಆಗ ಎಲ್ಲವನ್ನೂ ಒಮ್ಮೆಗೇ ತೆಗೆಯಬೇಕೇ?

ಪಿ.ಜೆ. ಬಡಾವಣೆಯ ತೆರಿಗೆ ಸಲಹೆಗಾರ

ಇಲ್ಲ ಮೇಡಂ. ಖಾತೆ ತೆರೆದ ಹಣಕಾಸು ವರ್ಷ ಮುಗಿದ ನಂತರ 15 ವರ್ಷ ಎಣಿಸುತ್ತಾರೆ. ತಮ್ಮದು 2014-15ರ ಖಾತೆ, ಆದ್ದರಿಂದ ಅವಧಿ ಮುಗಿಯುವುದು 2030ರ ಮಾರ್ಚ್ 31ಕ್ಕೆ. ಒಮ್ಮೆಗೇ ತೆಗೆಯಬೇಕಾಗಿಲ್ಲ. ಹೊಸದಾಗಿ ಕಟ್ಟುತ್ತ ಐದು ವರ್ಷ ಮುಂದುವರಿಸಬೇಕೆಂದರೆ ಅವಧಿ ಮುಗಿದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು, ಆದರೆ ಆಗ ಆ ಐದು ವರ್ಷಗಳಲ್ಲಿ ಒಟ್ಟು ಶೇ. 60 ಮಾತ್ರ ತೆಗೆಯಬಹುದು. ತಮಗೆ ಅದು ಬೇಡ. ಹಣ ಕಟ್ಟದೆ ಹಾಗೆಯೇ ಬಿಟ್ಟರೆ ಬಡ್ಡಿ ಸೇರುತ್ತಲೇ ಇರುತ್ತದೆ, ಹಣಕಾಸು ವರ್ಷಕ್ಕೆ ಒಂದು ಬಾರಿ ಬೇಕಾದಷ್ಟು ಮೊತ್ತವನ್ನು ತೆಗೆಯಬಹುದು. ಪ್ರತಿ ಏಪ್ರಿಲ್‌ನಲ್ಲಿ ಆ ವರ್ಷದ ಖರ್ಚನ್ನು ತೆಗೆದು ಉಳಿತಾಯ ಖಾತೆಗೆ ಹಾಕಿಕೊಳ್ಳಿ. ಅಲ್ಲಿಯವರೆಗೆ ವರ್ಷದ ಒಂದೂವರೆ ಲಕ್ಷವನ್ನು ಏಪ್ರಿಲ್ 5ರೊಳಗೆ ಕಟ್ಟಿದರೆ ಇಡೀ ವರ್ಷದ ಬಡ್ಡಿ ಸಿಗುತ್ತದೆ, ಏಕೆಂದರೆ ಪ್ರತಿ ತಿಂಗಳೂ 5ನೇ ತಾರೀಖಿನ ನಂತರದ ಕನಿಷ್ಠ ಶಿಲ್ಕಿಗೆ ಬಡ್ಡಿ ಹಾಕುತ್ತಾರೆ. ನಾಮನಿರ್ದೇಶನ ಯಾರ ಹೆಸರಿನಲ್ಲಿದೆಯೆಂಬುದನ್ನೂ ಅದೇ ದಿನ ಪಾಸ್‌ಬುಕ್‌ನಲ್ಲಿ ನೋಡಿಕೊಂಡು ಬನ್ನಿ.